ನೀರುಳ್ಳಿ ತುಟ್ಟಿಯಾದಾಗ ಯಾರನ್ನು ಬೈಯುವುದು?

2023ರ ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಇನ್ನು ಹತ್ತು ದಿನ ಇದೆ ಎನ್ನುವಾಗ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸಣ್ಣದೊಂದು ಜಗಳವಾಯಿತು. ಜಗಳಕ್ಕೆ ಕಾರಣ ನೀರುಳ್ಳಿ.

ಊಟದ ಗುತ್ತಿಗೆ ಪಡೆದ ಕೇಟರಿಂಗ್‌ನವರು ನಮ್ಮವರೇ, ಉಡುಪಿ ಕಡೆಯವರು. ಜುಲೈ ತಿಂಗಳಲ್ಲಿ ತಟ್ಟೆಯ ದರ ನಿಗದಿಯಾದಾಗ ನೀರುಳ್ಳಿ ಕಿಲೋಗೆ 25 ರೂಪಾಯಿಯ ಆಸುಪಾಸಿನಲ್ಲಿತ್ತು. ಅಕ್ಟೋಬರ್ ಕೊನೆಗೆ ಮುಂಬಯಿಯ ಚಿಲ್ಲರೆ ಪೇಟೆಯಲ್ಲಿ ಅದು 70 ರೂಪಾಯಿಗೆ ಏರಿತು. 400 ಮಂದಿಯ ಊಟ. ಪಲಾವ್, ಗಸಿ, ಜೊತೆಗೆ ಎಲ್ಲರ ಅಪೇಕ್ಷೆಯಂತೆ ನೀರುಳ್ಳಿ ಬಜೆ. ಅವರ ಅಂದಾಜಿನಲ್ಲಿ 60 ಕಿಲೋ ನೀರುಳ್ಳಿ ಬೇಕು. ಕಿಲೋಗೆ 45 ರೂಪಾಯಿ ಹೆಚ್ಚಾದರೆ 2,700 ರೂಪಾಯಿ ಅಧಿಕ ಖರ್ಚು. "ತಟ್ಟೆಗೆ ಏಳು ರೂಪಾಯಿ ಹೆಚ್ಚಿಸಿ ಕೊಡಿ, ಇಲ್ಲವಾದರೆ ಬಜೆಯ ಬದಲು ಬೇರೆ ಏನಾದರೂ ಮಾಡಿ ಬಡಿಸುತ್ತೇನೆ" ಎಂದು ಅವರು ಕೈಮುಗಿದು ಕೇಳಿಕೊಂಡರು.

"ಮಾತೆಂದರೆ ಮಾತು" ಎಂದರು ಒಬ್ಬರು. "ಸಂಘದ ಕೆಲಸದಲ್ಲೂ ಲಾಭ ನೋಡುವುದೇ?" ಎಂದರು ಇನ್ನೊಬ್ಬರು. "ವಾಶಿ ಮಾರ್ಕೆಟಿನಲ್ಲಿ ಗೋಣಿಗಟ್ಟಲೆ ಬಿದ್ದಿದೆ, ಎಲ್ಲ ದಾಸ್ತಾನು ಮಾಡುವವರ ಆಟ" ಎಂದರು ಮತ್ತೊಬ್ಬರು. ಸಂಘದ ಕೋಶಾಧಿಕಾರಿಯಾದ ನಾನು ಎದ್ದು ನಿಂತು ಒಪ್ಪಂದದ ಕಾಗದವನ್ನು ಓದಿ ಹೇಳಿ, ಒಂದು ಪೈಸೆಯೂ ಹೆಚ್ಚಿಗೆ ಕೊಡಲಾಗದು ಎಂದೆ. ಅವರು ಮರುಮಾತಾಡಲಿಲ್ಲ. ನವೆಂಬರ್ ಮೊದಲ ಭಾನುವಾರ ಹಿಂದಿನ ದರಕ್ಕೇ ಊಟ ಬಡಿಸಿದರು. ಬಜೆಯೂ ಇತ್ತು, ನೀರುಳ್ಳಿಯೂ ಧಾರಾಳವಾಗಿಯೇ ಇತ್ತು. ಕೈ ತೊಳೆದು ಬಂದ ಸದಸ್ಯರೆಲ್ಲ ಊಟವನ್ನು ಹೊಗಳಿದರು. ಸಂಘದ 2,700 ರೂಪಾಯಿ ಉಳಿಸಿದೆ ಎಂದು ನನಗೂ ಸಮಾಧಾನವಾಯಿತು.

ಆ ಸಮಾಧಾನ ಹೆಚ್ಚು ಕಾಲ ಬಾಳಲಿಲ್ಲ. ಅದರ ಕಥೆಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಅಂದು ನಾವು ಹತ್ತು ಮಂದಿ ಏರುದನಿಯಲ್ಲಿ ಮಾತಾಡಿದ ಆ 'ಪೂರೈಕೆ' ಎಂಬ ವಿಷಯವನ್ನು ಸ್ವಲ್ಪ ನೋಡೋಣ.

ಇದ್ದದ್ದೆಲ್ಲ ಪೂರೈಕೆಯಲ್ಲ

ಹಗಲಿಡೀ ಫೋರ್ಟಿನ ಹೊಟೇಲೊಂದರ ಗಲ್ಲೆಯಲ್ಲಿ ಕುಳಿತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನು ನಾನು. ಅರ್ಥಶಾಸ್ತ್ರದ ತರಗತಿ ರಾತ್ರಿ ಎಂಟರ ನಂತರ ಇರುತ್ತಿತ್ತು. ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಏರುವ ಒಂದು ಗೆರೆ ಎಳೆದು "ಇದು ಪೂರೈಕೆಯ ರೇಖೆ. ಬೆಲೆ ಏರಿದರೆ ಪೂರೈಕೆ ಏರುತ್ತದೆ, ಇಳಿದರೆ ಇಳಿಯುತ್ತದೆ" ಎನ್ನುತ್ತಿದ್ದರು. ತೂಕಡಿಸುತ್ತಲೇ ಬರೆದುಕೊಂಡೆವು, ಪರೀಕ್ಷೆಯಲ್ಲಿಯೂ ಬರೆದೆವು, ಪಾಸಾದೆವು. ಆದರೆ ಆ ಗೆರೆಯ ಅರ್ಥ ನನಗೆ ಆದದ್ದು ಮೂವತ್ತು ವರ್ಷಗಳ ಬಳಿಕ.

ನಾವು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ದೇಶದಲ್ಲಿ ಇರುವ ವಸ್ತುವನ್ನೆಲ್ಲ ಪೂರೈಕೆ ಎಂದು ತಿಳಿಯುತ್ತೇವೆ. ಇರುವುದು ದಾಸ್ತಾನು. ಪೂರೈಕೆ ಎಂದರೆ, ಒಂದು ನಿರ್ದಿಷ್ಟ ಬೆಲೆಗೆ, ಒಂದು ನಿರ್ದಿಷ್ಟ ಅವಧಿಯಲ್ಲಿ, ಮಾರುವವರು ಪೇಟೆಗೆ ತರಲು ಸಿದ್ಧರಿರುವ ಮತ್ತು ತರಬಲ್ಲ ಪ್ರಮಾಣ. ಈ ಒಂದು ವಾಕ್ಯದಲ್ಲಿ ಮೂರು ಮಾತುಗಳಿವೆ: ಬೆಲೆ, ಅವಧಿ, ಸಿದ್ಧತೆ. ಮೂರರಲ್ಲಿ ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ. ಹೊಟೇಲಿನ ಉಗ್ರಾಣದಲ್ಲಿ ಹತ್ತು ಮೂಟೆ ಅಕ್ಕಿ ಇದ್ದರೆ ಅದು ಆ ದಿನದ ಊಟದ ಪೂರೈಕೆ ಆಗುವುದಿಲ್ಲ. ಎಷ್ಟು ತಟ್ಟೆ ಅನ್ನ, ಯಾವ ದರಕ್ಕೆ, ಎಷ್ಟು ಗಂಟೆಗೆ ಬಡಿಸಲು ಮಾಲೀಕರು ತಯಾರಿದ್ದಾರೆ ಎಂಬುದೇ ಪೂರೈಕೆ.

ಕಾಂದಾ ಚಾಳಿನ ಲೆಕ್ಕ

2024ರ ಮೇ ತಿಂಗಳಲ್ಲಿ ನಮ್ಮ ಶಾಖೆಯ ಮರಾಠಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ನಾಸಿಕ ಜಿಲ್ಲೆಯ ನಿಫಾಡ್ ತಾಲೂಕಿಗೆ ಹೋಗಿದ್ದೆ. ಹೆಸರಾಂತ ಲಾಸಲ್‌ಗಾಂವ್ ನೀರುಳ್ಳಿ ಮಾರುಕಟ್ಟೆ ಇರುವುದು ಇದೇ ತಾಲೂಕಿನಲ್ಲಿ. ಮದುವೆಯ ಮರುದಿನ ಸಹೋದ್ಯೋಗಿಯ ಅಣ್ಣ ತನ್ನ ಹೊಲ ತೋರಿಸಲು ಕರೆದೊಯ್ದರು. ಮನೆಯ ಹಿಂದೆ ಉದ್ದನೆಯ, ಕಿರಿದಾದ ಒಂದು ಕಟ್ಟಡ. ನೆಲದಿಂದ ಎತ್ತರಿಸಿದ ಅಟ್ಟ, ಬಿದಿರಿನ ಗಳುಗಳ ಗೋಡೆ, ಮೇಲೆ ತಗಡಿನ ಮಾಡು. ಅಡಿಯಿಂದಲೂ ಪಕ್ಕದಿಂದಲೂ ಗಾಳಿಯಾಡುತ್ತದೆ. ಒಳಗೆ ಎದೆಮಟ್ಟಕ್ಕೂ ಮಿಗಿಲಾಗಿ ಹರಡಿದ ನೀರುಳ್ಳಿ. "ಇದಕ್ಕೆ ಏನೆನ್ನುತ್ತೀರಿ?" ಎಂದೆ. "ಕಾಂದಾ ಚಾಳ್" ಎಂದರು. ಚಾಳಿನ ಹತ್ತಡಿ ಕೋಣೆಯಲ್ಲಿ ಎಂಟು ಮಂದಿ ಮಲಗಿ ದಿನ ಕಳೆದ ನನಗೆ ನಗು ಬಂತು. ನೀರುಳ್ಳಿಗೂ ಚಾಳು!

ಅವರು ಹೇಳಿದ ವಿವರ ಹೀಗಿದೆ. ವರ್ಷಕ್ಕೆ ಮೂರು ಬೆಳೆ. ಮಳೆಗಾಲದಲ್ಲಿ ನಾಟಿ ಮಾಡಿದ ಮುಂಗಾರು ಬೆಳೆ ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ಬರುತ್ತದೆ. ಅದರ ನಂತರದ ತಡ ಮುಂಗಾರು ಬೆಳೆ ಜನವರಿಯಿಂದ ಮಾರ್ಚಿಗೆ. ಇವೆರಡರಲ್ಲೂ ನೀರಿನ ಅಂಶ ಹೆಚ್ಚು, ಇಟ್ಟರೆ ಕೊಳೆಯುತ್ತದೆ, ಬಂದ ಹಾಗೆ ಮಾರಬೇಕು. ಡಿಸೆಂಬರ್-ಜನವರಿಯಲ್ಲಿ ನಾಟಿ ಮಾಡಿ ಏಪ್ರಿಲ್-ಮೇಯಲ್ಲಿ ಕೀಳುವ ಹಿಂಗಾರು ಬೆಳೆ ಮಾತ್ರ ಇಡಲು ತಕ್ಕದ್ದು. ದೇಶದ ಒಟ್ಟು ಬೆಳೆಯಲ್ಲಿ ಸುಮಾರು ಮೂರನೇ ಎರಡು ಪಾಲು ಇದೇ. ಮೇಯಿಂದ ಅಕ್ಟೋಬರ್ ತನಕ ನಾವು ತಿನ್ನುವ ನೀರುಳ್ಳಿ ಬಹುಪಾಲು ಹೊಲದಿಂದ ಬರುವುದಿಲ್ಲ, ಇಂಥ ಚಾಳುಗಳಿಂದ ಬರುತ್ತದೆ.

"ನಿಮ್ಮ ಬ್ಯಾಂಕಿನಲ್ಲಿ ಫಿಕ್ಸೆಡ್ ಡಿಪಾಸಿಟ್ ಇಡುತ್ತಾರಲ್ಲ ಸಾಹೇಬ, ಇದು ನಮ್ಮ ಡಿಪಾಸಿಟ್. ನಿಮ್ಮದು ದಿನಾ ಬೆಳೆಯುತ್ತದೆ, ನಮ್ಮದು ದಿನಾ ಕರಗುತ್ತದೆ" ಎಂದರು ಆ ಹಿರಿಯರು.

ನನ್ನೊಳಗಿನ ಗುಮಾಸ್ತ ಸುಮ್ಮನಿರಲಿಲ್ಲ. ಅಲ್ಲೇ ಕುಳಿತು ಕಾಗದದಲ್ಲಿ ಲೆಕ್ಕ ಹಾಕಿದೆ. ಉದಾಹರಣೆಗೆ, 100 ಕ್ವಿಂಟಾಲ್ ನೀರುಳ್ಳಿಯನ್ನು ಮೇ ತಿಂಗಳಲ್ಲಿ ಕಿಲೋಗೆ 12 ರೂಪಾಯಿಯಂತೆ ಮಾರಿದರೆ ಕೈಗೆ 1,20,000 ರೂಪಾಯಿ. ಮಾರದೆ ಐದು ತಿಂಗಳು ಇಟ್ಟರೆ ಒಣಗಿ, ಮೊಳಕೆಯೊಡೆದು, ಕೊಳೆತು 30 ಕ್ವಿಂಟಾಲ್ ಹೋಯಿತೆನ್ನಿ. ಉಳಿಯುವುದು 70. ಆ ಐದು ತಿಂಗಳಿಗೆ ಶೇಕಡಾ 12ರಂತೆ ಬಡ್ಡಿ 6,000. ಚಾಳಿನ ಖರ್ಚು, ಆರಿಸುವ ಕೂಲಿ 7,000. ಒಟ್ಟು 1,33,000 ರೂಪಾಯಿಯನ್ನು 7,000 ಕಿಲೋದಿಂದ ಪಡೆಯಬೇಕು. ಅಂದರೆ ಅಕ್ಟೋಬರಿನಲ್ಲಿ ಕಿಲೋಗೆ 19 ರೂಪಾಯಿ ಸಿಕ್ಕಿದರೆ ಮೇ ತಿಂಗಳ 12 ರೂಪಾಯಿಗೆ ಸಮ. ಲಾಭದ ಮಾತು ಅದರ ನಂತರ.

ಇದನ್ನೇ ನಾವು ಪೇಟೆಯಲ್ಲಿ ನೋಡಿ "ಮೇಯಲ್ಲಿ 12ಕ್ಕೆ ಸಿಗುತ್ತಿದ್ದುದನ್ನು ಈಗ 19ಕ್ಕೆ ಮಾರುತ್ತಾರೆ, ದಾಸ್ತಾನುಕೋರರು" ಎನ್ನುತ್ತೇವೆ. ಚಾಳಿನಲ್ಲಿ ಇಡುವವರು ಯಾರೂ ಇಲ್ಲದಿದ್ದರೆ ಮೇಯಲ್ಲಿ ನೀರುಳ್ಳಿ ಬೀದಿಗೆ ಬೀಳುತ್ತಿತ್ತು, ಸೆಪ್ಟೆಂಬರಿನಲ್ಲಿ ನೋಡಲೂ ಸಿಗುತ್ತಿರಲಿಲ್ಲ.

ಈಗ ಪ್ರಾಧ್ಯಾಪಕರ ಗೆರೆಗೆ ಬರೋಣ. ಬೆಲೆ 12 ಇದ್ದಾಗ ಸಾಲದ ಕಂತಿಗೆ, ಮದುವೆಯ ಖರ್ಚಿಗೆ ಹಣ ಬೇಕಾದವರು ಮಾತ್ರ ಚಾಳು ತೆರೆಯುತ್ತಾರೆ. 19 ಆದಾಗ ಇನ್ನಷ್ಟು ಮಂದಿ, 30 ಆದಾಗ ಬಹುತೇಕ ಎಲ್ಲರೂ. ಬೆಲೆ ಏರಿದಂತೆ ಪೇಟೆಗೆ ಬರುವ ಟ್ರ್ಯಾಕ್ಟರುಗಳು ಹೆಚ್ಚುತ್ತವೆ. ಗೆರೆ ಮೇಲಕ್ಕೆ ಏರುವುದೆಂದರೆ ಇಷ್ಟೇ.

ಇಡ್ಲಿ, ನೀರುಳ್ಳಿ, ತೆಂಗು

ಹಾಗಾದರೆ ಬೆಲೆ 70 ಆದ ಮೇಲೂ ನೀರುಳ್ಳಿ ಏಕೆ ಹರಿದು ಬರುವುದಿಲ್ಲ? ಇಲ್ಲಿ ಎರಡನೆಯ ಮಾತು, ಅವಧಿ, ಮುಖ್ಯವಾಗುತ್ತದೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರು 1890ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ಮೀನಿನ ಪೇಟೆಯ ಉದಾಹರಣೆಯಿಂದ ವಿವರಿಸಿದ್ದಾರೆ. ಕರಾವಳಿಯ ನಮಗೆ ಅದು ಬೇಗ ತಲೆಗೆ ಹೋಗುತ್ತದೆ. ಇಂದು ಬೆಳಿಗ್ಗೆ ಸಸೂನ್ ಡಾಕಿಗೆ ಎಷ್ಟು ಬಂಗಡೆ ಬಂತೋ ಅಷ್ಟೇ. ಬೆಲೆ ಮೂರು ಪಟ್ಟಾದರೂ ಸಂಜೆಯೊಳಗೆ ಒಂದು ಬುಟ್ಟಿ ಹೆಚ್ಚಾಗದು. ವಾರ ಕಳೆದರೆ ಇನ್ನಷ್ಟು ದೋಣಿಗಳು ಕಡಲಿಗಿಳಿಯಬಹುದು. ವರ್ಷಗಳು ಕಳೆದರೆ ಹೊಸ ದೋಣಿಗಳನ್ನೇ ಕಟ್ಟಿಸಬಹುದು. ಒಂದೇ ವಸ್ತು, ಕೊಟ್ಟ ಕಾಲಕ್ಕೆ ತಕ್ಕಂತೆ ಪೂರೈಕೆ ಬೇರೆ.

ಬೇಡಿಕೆ ಮತ್ತು ಪೂರೈಕೆ ಕತ್ತರಿಯ ಎರಡು ಅಲಗಿನಂತೆ, ಯಾವ ಅಲಗು ಕಾಗದ ಕತ್ತರಿಸಿತು ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎಂಬ ಹೋಲಿಕೆಯೂ ಮಾರ್ಷಲ್ ಅವರದೇ. ಆದರೆ ಅವಧಿ ಚಿಕ್ಕದಾದಷ್ಟೂ ಬೇಡಿಕೆಯ ಅಲಗು ಹೆಚ್ಚು ಆಡುತ್ತದೆ, ಅವಧಿ ಉದ್ದವಾದಷ್ಟೂ ಪೂರೈಕೆಯ ಅಲಗು.

ನಮ್ಮ ಹೊಟೇಲಿನ ಭಾಷೆಯಲ್ಲಿ ಹೇಳುವುದಾದರೆ, ಇಡ್ಲಿಗೆ ಗಿರಾಕಿ ಹೆಚ್ಚಾದರೆ ಇಂದು ರಾತ್ರಿ ಹೆಚ್ಚು ಹಿಟ್ಟು ರುಬ್ಬಿದರಾಯಿತು, ನಾಳೆ ಬೆಳಿಗ್ಗೆ ಪೂರೈಕೆ ಸಿದ್ಧ. ನೀರುಳ್ಳಿಗೆ ಬೀಜ ಹಾಕಿ ಸಸಿ ಮಾಡಲು ಒಂದೂವರೆ ತಿಂಗಳು, ನಾಟಿಯ ನಂತರ ನಾಲ್ಕು ತಿಂಗಳು. ಹತ್ತಿರ ಹತ್ತಿರ ಅರ್ಧ ವರ್ಷ. ಎತ್ತರದ ತಳಿಯ ತೆಂಗಿನ ಸಸಿ ನೆಟ್ಟರೆ ಫಲಕ್ಕೆ ಆರೇಳು ವರ್ಷ ಕಾಯಬೇಕು. 2025ರಲ್ಲಿ ತೆಂಗಿನಕಾಯಿ ಮತ್ತು ತೆಂಗಿನೆಣ್ಣೆಯ ಬೆಲೆ ಏರಿದಾಗ ನಮ್ಮ ಅಡುಗೆಮನೆಗಳು ಇದನ್ನು ಅನುಭವಿಸಿದವು. ಇನ್ನು ದಾದರಿನಲ್ಲಿ ಜಾಗ? ಎಷ್ಟು ಬೆಲೆ ಕೊಟ್ಟರೂ ಭೂಮಿ ಒಂದು ಚದರಡಿ ಬೆಳೆಯದು. ಮಹಡಿ ಮೇಲೆ ಮಹಡಿ ಕಟ್ಟಬೇಕಷ್ಟೆ. ಬೆಲೆಯ ಕರೆಗೆ ಪೂರೈಕೆ ಎಷ್ಟರ ಮಟ್ಟಿಗೆ ಓಗೊಡುತ್ತದೆ ಎಂಬುದಕ್ಕೆ ಪಠ್ಯಪುಸ್ತಕದಲ್ಲಿ 'ಸ್ಥಿತಿಸ್ಥಾಪಕತ್ವ' ಎಂಬ ದೊಡ್ಡ ಹೆಸರಿದೆ. ಇಡ್ಲಿಗೆ ಅದು ಹೆಚ್ಚು, ನೀರುಳ್ಳಿಗೆ ಕಡಿಮೆ, ಭೂಮಿಗೆ ಇಲ್ಲವೆಂದರೂ ಸರಿ.

ಗೆರೆಯೇ ಸರಿದಾಗ

ಬೆಲೆ ಏರಿದ್ದಕ್ಕೆ ಹೆಚ್ಚು ಚಾಳುಗಳು ತೆರೆಯುವುದು ಒಂದು. ಯಾವ ಬೆಲೆ ಕೊಟ್ಟರೂ ಮೊದಲಿನಷ್ಟು ಸರಕು ಇಲ್ಲದಿರುವುದು ಇನ್ನೊಂದು. ಮೊದಲನೆಯದು ಗೆರೆಯ ಮೇಲಿನ ಓಡಾಟ, ಎರಡನೆಯದು ಗೆರೆಯೇ ಎಡಕ್ಕೆ ಸರಿಯುವುದು. ಇವೆರಡರ ವ್ಯತ್ಯಾಸಕ್ಕೆ ನಮ್ಮ ಪರೀಕ್ಷೆಯಲ್ಲಿ ಖಾಯಂ ಐದು ಅಂಕ ಇತ್ತು.

2023ರಲ್ಲಿ ಆದದ್ದು ಎರಡನೆಯದು. ಆ ವರ್ಷದ ಮಾರ್ಚ್-ಏಪ್ರಿಲ್‌ನ ಅಕಾಲಿಕ ಮಳೆ, ಆಲಿಕಲ್ಲಿನಿಂದ ಹಿಂಗಾರು ನೀರುಳ್ಳಿಯ ಬಾಳಿಕೆ ಕೆಟ್ಟಿತು. ನಂತರ ಆಗಸ್ಟ್ ತಿಂಗಳು, 1901ರಿಂದ ದಾಖಲೆಯಾಗಿರುವುದರಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ಮುಂಗಾರು ಬೆಳೆ ತಡವಾಯಿತು. ಚಾಳು ಬರಿದಾಗುವ ಹೊತ್ತಿಗೆ ಹೊಲ ಸಿದ್ಧವಿರಲಿಲ್ಲ. ಆ ನಡುವಣ ಕೆಲವು ವಾರಗಳ ಹೊಂಡದಲ್ಲಿ ನಮ್ಮ ರಾಜ್ಯೋತ್ಸವದ ಊಟ ಬಿದ್ದಿತು.

ಸಾಮಾನ್ಯವಾಗಿ ಈ ಹೊಂಡವನ್ನು ತುಂಬುವುದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಚಿತ್ರದುರ್ಗ, ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಮುಂಗಾರು ಉಳ್ಳಾಗಡ್ಡಿ ನಾಸಿಕಕ್ಕಿಂತ ಮೊದಲೇ, ಸೆಪ್ಟೆಂಬರ್ ವೇಳೆಗೆ ಪೇಟೆಗೆ ಬರುತ್ತದೆ. ಚೆನ್ನೈಯಲ್ಲಿ ದೊಡ್ಡ ನೀರುಳ್ಳಿಗೆ ಇಂದಿಗೂ 'ಬಳ್ಳಾರಿ ವೆಂಗಾಯಂ' ಎಂದೇ ಹೆಸರು. ಆ ಕಡೆ ಮಳೆ ಕೈಕೊಟ್ಟರೆ, ಅಥವಾ ಕೊಯ್ಲಿನ ಸಮಯಕ್ಕೆ ಅತಿಯಾಗಿ ಸುರಿದರೆ, ಮುಂಬಯಿಯ ವಡಾಪಾವ್ ಗಾಡಿಯವನಿಗೂ ಅದರ ಬಿಸಿ ತಟ್ಟುತ್ತದೆ.

ಮಳೆಯಲ್ಲದೆ ಈ ಗೆರೆಯನ್ನು ಸರಿಸುವ ಬೇರೆ ಸಂಗತಿಗಳೂ ಇವೆ. ಬೀಜ, ಗೊಬ್ಬರ, ಡೀಸೆಲ್, ಕೂಲಿಯ ದರ ಏರಿದರೆ ಎಡಕ್ಕೆ; ಹನಿ ನೀರಾವರಿ, ಉತ್ತಮ ತಳಿ, ಒಳ್ಳೆಯ ಚಾಳು ಬಂದರೆ ಬಲಕ್ಕೆ. ದ್ರಾಕ್ಷಿ, ಸೋಯಾ, ಮೆಕ್ಕೆಜೋಳಕ್ಕೆ ಒಳ್ಳೆಯ ದರ ಇದ್ದರೆ ಕೆಲವರು ನೀರುಳ್ಳಿ ಬಿಡುತ್ತಾರೆ. ಮುಂದೆ ಬೆಲೆ ಏರುತ್ತದೆಂಬ ನಿರೀಕ್ಷೆಯಿದ್ದರೆ ಇಂದಿನ ಪೂರೈಕೆ ಕಡಿಮೆಯಾಗುತ್ತದೆ. ಇವುಗಳ ಜೊತೆಗೆ ಸರಕಾರದ ಆಜ್ಞೆ.

ಆಜ್ಞೆಯಿಂದ ಬೆಲೆ ಇಳಿದಾಗ

ನೀರುಳ್ಳಿ ಸರಕಾರಗಳನ್ನು ನಡುಗಿಸಿದ ತರಕಾರಿ. 1980ರ ಲೋಕಸಭಾ ಚುನಾವಣೆಯಲ್ಲಿ ಅದು ಪ್ರಚಾರದ ವಸ್ತುವಾಯಿತು. 1998ರಲ್ಲಿ ದೆಹಲಿಯ ರಾಜ್ಯ ಸರಕಾರದ ಸೋಲಿಗೆ ಅದರ ಬೆಲೆಯೂ ಕಾರಣವಾಯಿತು. ಆದ್ದರಿಂದ ಬೆಲೆ ಏರಿದ ಕೂಡಲೇ ರಫ್ತಿಗೆ ತಡೆ ಬರುತ್ತದೆ. 2010ರ ಡಿಸೆಂಬರ್, 2019ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್‌ಗಳಲ್ಲಿ ನಿಷೇಧ ಬಂದಿತ್ತು. 2023ರಲ್ಲಿ ಮೊದಲು ಆಗಸ್ಟಿನಲ್ಲಿ ಶೇಕಡಾ 40 ರಫ್ತು ಸುಂಕ, ನಂತರ ಡಿಸೆಂಬರ್ 8ರಿಂದ ಪೂರ್ಣ ನಿಷೇಧ. ನಿಷೇಧ 2024ರ ಮೇ 4ರಂದು ತೆರವಾಯಿತು. ಕೊನೆಗೆ ಉಳಿದಿದ್ದ ಶೇಕಡಾ 20 ಸುಂಕ 2025ರ ಏಪ್ರಿಲ್ 1ರಿಂದ ರದ್ದಾಯಿತು.

ರಫ್ತು ನಿಂತರೆ ಹೊರಗೆ ಹೋಗಬೇಕಾದ ಸರಕು ಒಳಗೆ ತಿರುಗುತ್ತದೆ, ನಮ್ಮ ಬೆಲೆ ಇಳಿಯುತ್ತದೆ. ಅದು ನಿಜ. ಮನೆ ನಡೆಸುವ ಬಡವನಿಗೆ ಆ ಇಳಿಕೆ ಬೇಕು ಎಂಬುದೂ ನಿಜ. ಆದರೆ ಒಂದು ಕಿಲೋ ನೀರುಳ್ಳಿಯೂ ಹೊಸದಾಗಿ ಬೆಳೆಯಲಿಲ್ಲ. ನಷ್ಟ ಯಾರ ತಲೆಗೆ ಬಿತ್ತೆಂದರೆ, ಆಗ ತಾನೇ ಮುಂಗಾರು ಬೆಳೆ ಕಿತ್ತವನ, ಇಡಲಾಗದ ಬೆಳೆ ಇರುವವನ ತಲೆಗೆ. ಆ ದಿನಗಳಲ್ಲಿ ನಾಸಿಕ ಜಿಲ್ಲೆಯಲ್ಲಿ ಹರಾಜು ನಿಂತು ಹೆದ್ದಾರಿ ತಡೆ ನಡೆದದ್ದು ಇದಕ್ಕೇ. ಬೆಲೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ 2018ರ ಕೊನೆಯ ಘಟನೆಯನ್ನು ನೆನೆಯಬಹುದು. ಇದೇ ನಿಫಾಡ್ ತಾಲೂಕಿನ ರೈತರೊಬ್ಬರು 750 ಕಿಲೋ ನೀರುಳ್ಳಿ ಮಾರಿ ಬಂದ 1,064 ರೂಪಾಯಿಯನ್ನು ಪ್ರಧಾನಿಯವರ ಪರಿಹಾರ ನಿಧಿಗೆ ಮನಿಯಾರ್ಡರ್ ಮಾಡಿದ್ದರು. ಕಿಲೋಗೆ ಒಂದೂವರೆ ರೂಪಾಯಿಯೂ ಇಲ್ಲ. ಆ ದಿನ ನಾವು ಯಾವ ಸಂಘದ ಸಭೆಯಲ್ಲೂ ಎದ್ದು ಮಾತಾಡಲಿಲ್ಲ.

ಬೆಲೆ ಬಿದ್ದ ವರ್ಷದ ಮರುವರ್ಷ ಕೈಸುಟ್ಟುಕೊಂಡವನು ಕಡಿಮೆ ನೆಡುತ್ತಾನೆ; ಬೆಲೆ ಏರುತ್ತದೆ. ಏರಿದ ಬೆಲೆ ನೋಡಿ ಎಲ್ಲರೂ ನೆಡುತ್ತಾರೆ, ಬೆಲೆ ಬೀಳುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರ ಬಲೆಯ ಸಿದ್ಧಾಂತ ಎನ್ನುತ್ತಾರೆ, ಚಿತ್ರ ಬರೆದರೆ ಬಲೆಯಂತೆಯೇ ಕಾಣುತ್ತದೆ. ಬಲೆಯೊಳಗೆ ರೈತನೂ ಇದ್ದಾನೆ, ಗಿರಾಕಿಯೂ ಇದ್ದಾನೆ.

ಹಾಗೆಂದು ವರ್ತಕರೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಭಾರತೀಯ ಸ್ಪರ್ಧಾ ಆಯೋಗಕ್ಕಾಗಿ ಮಹಾರಾಷ್ಟ್ರ ಮತ್ತು ಕರ್ನಾಟಕದ ನೀರುಳ್ಳಿ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ನೀಡಿದ ವರದಿಯು, ಕೆಲವೇ ದೊಡ್ಡ ವರ್ತಕರ ಹಿಡಿತವನ್ನು ಎತ್ತಿ ತೋರಿಸಿತ್ತು. ಕೊಳ್ಳುವವರು ಬೆರಳೆಣಿಕೆಯಷ್ಟಿದ್ದರೆ ಹರಾಜು ಹೆಸರಿಗಷ್ಟೇ ಹರಾಜು. ಆದರೆ ಒಬ್ಬ ವರ್ತಕ ಬೆಲೆಯನ್ನು ಎಳೆದಾಡಬಲ್ಲದ್ದು ಸರಕು ವಿರಳವಾದಾಗಲೇ. ಮೂಲ ರೋಗ ಆ ಕೆಲವು ವಾರಗಳ ಹೊಂಡ. ಅದಕ್ಕೆ ಮದ್ದು ಹೆಚ್ಚು ಚಾಳುಗಳು, ಒಳ್ಳೆಯ ಶೇಖರಣೆ, ಹೆಚ್ಚು ಮಂದಿ ಕೊಳ್ಳುವವರು.

ನಮ್ಮ ಸಂಘಕ್ಕೆ ಬಂದ ಪಾಠ

ಈಗ ಕೇಟರಿಂಗ್‌ನವರ ಕಥೆ. 2024ರ ರಾಜ್ಯೋತ್ಸವದ ಊಟಕ್ಕೆ ದರಪಟ್ಟಿ ಕರೆದೆವು. ಪ್ರತಿ ವರ್ಷ ಐದಾರು ಬರುತ್ತಿದ್ದವು. ಆ ವರ್ಷ ಬಂದದ್ದು ಎರಡು. ಹಳೆಯವರು ಅರ್ಜಿ ಹಾಕಿರಲಿಲ್ಲ. ಬಂದ ಎರಡರಲ್ಲಿ ಕಡಿಮೆಯದ್ದು ಹಿಂದಿನ ದರಕ್ಕಿಂತ ತಟ್ಟೆಗೆ 20 ರೂಪಾಯಿ ಹೆಚ್ಚು. 400 ತಟ್ಟೆಗೆ 8,000 ರೂಪಾಯಿ. ನಮ್ಮವರ ವಲಯದಲ್ಲಿ ಸುದ್ದಿ ಹರಡಿತ್ತು: "ಆ ಸಂಘದವರು ದರ ಏರಿದರೆ ಕೇಳುವುದಿಲ್ಲ, ಮೊದಲೇ ಸೇರಿಸಿ ಹಾಕಿ."

2,700 ಉಳಿಸಿದ ಕೋಶಾಧಿಕಾರಿ 8,000 ಕಳೆದಿದ್ದ. ನಿಫಾಡಿನ ರೈತ ಮರುವರ್ಷ ಕಡಿಮೆ ನೆಡುವಂತೆ ನಮ್ಮ ಅಡುಗೆಯವರೂ ಕಡಿಮೆ ನೆಟ್ಟಿದ್ದರು. ಮಾರುವವನ ಸಿದ್ಧತೆಯೂ ಪೂರೈಕೆಯ ಒಂದು ಭಾಗ ಎಂಬ ಪಾಠ ನನ್ನ ಕ್ಯಾಶ್‌ಬುಕ್ಕಿನಲ್ಲೇ ಇತ್ತು.

ಒಂದು ಭಾನುವಾರ ನಾನು ಮುಲುಂಡಿನ ಅವರ ಮನೆಗೆ ಹೋದೆ. "ಅಂದು ನಾನು ಹಾಗೆ ಹೇಳಬಾರದಿತ್ತು, ತಪ್ಪು ತಿಳಿಯಬೇಡಿ" ಎಂದೆ. ಅವರು ಒಳಗೆ ತಿರುಗಿ ಮಡದಿಗೆ ಚಹಾ ಮಾಡಲು ಹೇಳಿ, "ದುಡ್ಡಿನ ಬೇಸರ ಇಲ್ಲ ಮಾರಾಯ್ರೇ. ಸಂಘಕ್ಕೆ ಅಷ್ಟು ಕೊಟ್ಟದ್ದು ಸೇವೆ ಎಂದು ತಿಳಿಯುತ್ತಿದ್ದೆ. ಕಳ್ಳನ ಹಾಗೆ ನಿಲ್ಲಿಸಿ ಕೇಳಿದಿರಲ್ಲ, ಅದು ಮಾತ್ರ ಹೋಗಲಿಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಿದೆವು. ಊಟದ ಒಪ್ಪಂದದಲ್ಲಿ ನೀರುಳ್ಳಿ, ತೆಂಗಿನಕಾಯಿ, ಎಣ್ಣೆ ಮೂರರ ಅಂದಿನ ದರ ಬರೆದಿಡುವುದು. ಕಾರ್ಯಕ್ರಮದ ವಾರಕ್ಕೆ ಅದು ಕಾಲುಭಾಗಕ್ಕಿಂತ ಹೆಚ್ಚು ಏರಿದರೆ ವ್ಯತ್ಯಾಸದ ಅರ್ಧ ಸಂಘ ಭರಿಸುವುದು. ಇಳಿದರೆ ಅವರು ಅರ್ಧ ಬಿಟ್ಟುಕೊಡುವುದು. 2025ರಲ್ಲಿ ನಾಲ್ಕು ದರಪಟ್ಟಿ ಬಂದವು. ಅದರಲ್ಲಿ ಒಂದು ಹಳೆಯವರದು.

ಇತರ ಸಂಘಗಳ ಪದಾಧಿಕಾರಿಗಳಲ್ಲಿಯೂ ನನ್ನದೊಂದು ವಿನಂತಿ. ವಾರ್ಷಿಕೋತ್ಸವದ ಊಟದ ಕರಾರು ಮಾಡುವಾಗ ಇಂಥದೊಂದು ಸಾಲು ಸೇರಿಸಿಕೊಳ್ಳಿ. ಮತ್ತು ಮುಂದಿನ ಬಾರಿ ಭಾಜಿವಾಲಾನ ಗಾಡಿಯ ಮುಂದೆ ನೀರುಳ್ಳಿಯ ದರ ಕೇಳಿ ಸಿಟ್ಟು ಬಂದಾಗ, ಕಳ್ಳ ಯಾರು ಎಂದು ಕೇಳುವ ಮೊದಲು, ಹೊಸ ಬೆಳೆ ಬರಲು ಇನ್ನೆಷ್ಟು ದಿನ ಎಂದು ಕೇಳಿ ನೋಡಿ. ಅವನಿಗೆ ಅದು ಗೊತ್ತಿರುತ್ತದೆ.